ಬ್ಯಾಟರಿಗೆ ಹಚ್ಚಿದ ಕುಂಕುಮ

ಮೂವತ್ತು ವರ್ಷ ಊರವರ ಮನೆಯ ಕರೆಂಟು ಮೀಟರ್ ಓದಿದ ಮನುಷ್ಯನಿಗೆ ತನ್ನದೇ ಮನೆಯಲ್ಲಿ ಒಂದು ಬ್ಯಾಟರಿ ಕಟ್ಟುವ ಅಧಿಕಾರವಿಲ್ಲವೆಂದರೆ, ಆ ಮೂವತ್ತು ವರ್ಷಕ್ಕೆ ಅರ್ಥವೇನು ಉಳಿಯಿತು? ಹೊಸಪೇಟೆಯ ಚಿತ್ತವಾಡ್ಗಿಯ ಗಾದಿಲಿಂಗಪ್ಪನವರು ಈ ಪ್ರಶ್ನೆಯನ್ನು ಆ ಗುರುವಾರ ಬೆಳಿಗ್ಗೆ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಸಮಸ್ತ ಓಣಿಗೆ ಕೇಳಿಸುವಂತೆ ಕೇಳಿದರು. ಓಣಿಯಿಂದ ಉತ್ತರ ಬರಲಿಲ್ಲ. ಬಂದದ್ದು ಒಳಗಿನ ಒಲೆಯ ಮುಂದಿನಿಂದ.

"ಮೀಟರ್ ಓದೋದು ಬ್ಯಾರೆ, ಬ್ಯಾಟ್ರಿ ಕಟ್ಟೋದು ಬ್ಯಾರೆ ರೀ. ಅದಕ್ಕಿಂತ ಜಾಸ್ತಿ ವರ್ಷದಿಂದ ನಾ ಬಡಿದ ರೊಟ್ಟಿ ತಿಂದೀರಿ. ಎಲ್ಲಿ, ಒಂದು ರೊಟ್ಟಿ ಬಡೀರಿ ನೋಡೋಣು."

ಇದು ಅವರ ಧರ್ಮಪತ್ನಿ ಎರ್ರಮ್ಮನವರ ವಾದ. ಈ ವಾದಕ್ಕೆ ಪ್ರತಿವಾದ ಹೂಡಬಲ್ಲ ವಕೀಲರು ಹೊಸಪೇಟೆಯ ಕೋರ್ಟಿನಲ್ಲಿಯೂ ಇರಲಾರರು. ಗಾದಿಲಿಂಗಪ್ಪನವರು ಸುಮ್ಮನಾದರು. (ಸುಮ್ಮನಾದರು ಎಂದರೆ ಒಪ್ಪಿಕೊಂಡರು ಎಂದಲ್ಲ. ಆ ಎರಡಕ್ಕೂ ಬಹಳ ಅಂತರವಿದೆಯೆಂಬುದು ಮದುವೆಯಾದ ಗಂಡಸರಿಗೆಲ್ಲ ತಿಳಿದ ವಿಷಯ.)

ಜಗಳದ ಮೂಲ ಅಂಗಳದಲ್ಲಿಯೇ ನಿಂತಿತ್ತು. ಅದು ಎರ್ರಮ್ಮನವರ ಎಲೆಕ್ಟ್ರಿಕ್ ಸ್ಕೂಟರ್. ಲೈಸೆನ್ಸಿನ ಗೊಡವೆಯಿಲ್ಲದ, ಸೈಕಲ್ಲಿಗಿಂತ ತುಸು ಜೋರಾಗಿ ಓಡುವ, ಹಸಿರು ಬಣ್ಣದ ಸಾಧು ವಾಹನ. ಎರ್ರಮ್ಮ ಜೋಳದ ರೊಟ್ಟಿ ಬಡಿದು ನಾಲ್ಕಾರು ಖಾನಾವಳಿಗಳಿಗೆ ಮುಟ್ಟಿಸುತ್ತಿದ್ದುದು ಇದರ ಮೇಲೆಯೇ. ಆದರೆ ಈಚೆಗೆ ಅದರ ಬ್ಯಾಟರಿಗೆ ಮುಪ್ಪು ಬಂದಿತ್ತು. ಇಡೀ ರಾತ್ರಿ ಚಾರ್ಜು ಕುಡಿದು, ಬೆಳಿಗ್ಗೆ ಓಣಿಯ ತುದಿಯ ಪಾನ್ ಅಂಗಡಿಯವರೆಗೆ ಗಂಭೀರವಾಗಿ ನಡೆದು, ಅಲ್ಲಿ ನಿಂತುಬಿಡುತ್ತಿತ್ತು. ಹೊಸ ಬ್ಯಾಟರಿಯ ಬೆಲೆಯನ್ನು ಸ್ಕೂಟರ್ ಅಂಗಡಿಯವನು ಹೇಳಿದಾಗ ಗಾದಿಲಿಂಗಪ್ಪನವರು ಪಕ್ಕದಲ್ಲಿದ್ದ ಸ್ಟೂಲು ಹುಡುಕಿ ಕುಳಿತುಕೊಂಡಿದ್ದರು.

ಇಂಥ ಹೊತ್ತಿನಲ್ಲಿಯೇ ಎರ್ರಮ್ಮನವರಿಗೆ ಹಿಂದೆಂದೂ ಬರದಂಥ ಒಂದು ಆರ್ಡರು ಬಂದಿತು. ಹಂಪಿಯ ಹಾದಿಯಲ್ಲಿ, ಕಡ್ಡಿರಾಂಪುರದ ಬಾಳೆತೋಟದ ಪಕ್ಕ ಅಂದಾನಪ್ಪ ಎಂಬವರು ಹೊಸದಾಗಿ ಒಂದು ಊಟದ ಹೋಟೆಲು ತೆರೆದಿದ್ದರು. ಹಂಪಿ ನೋಡಲು ಬಂದ ಪರಸ್ಥಳದವರಿಗೆ ಮಧ್ಯಾಹ್ನದ ಊಟಕ್ಕೆ ಬಿಸಿ ಜೋಳದ ರೊಟ್ಟಿ ಬಡಿಸಬೇಕೆಂಬುದು ಅವರ ಆಸೆ. ಬರುವ ಸೋಮವಾರ ಮೊದಲ ದಿನ. "ಮಧ್ಯಾಹ್ನದೊಳಗ ಮೆತ್ತಗ, ಬೆಚ್ಚಗ ಬಂದ್ರ ವರ್ಷಪೂರ್ತಿ ನಿಮ್ಮದೇ ರೊಟ್ಟಿ ಅಕ್ಕಾ. ಮೊದಲ್ನೇ ದಿನಾನೇ ತಪ್ಪಿದ್ರ ನಾ ಬ್ಯಾರೇಯವ್ರನ್ನ ನೋಡ್ಕೋತೀನಿ" ಎಂದು ಫೋನಿನಲ್ಲಿ ಖಂಡತುಂಡವಾಗಿ ಹೇಳಿದ್ದರು.

ಆದ್ದರಿಂದ ಸೋಮವಾರದೊಳಗೆ ಸ್ಕೂಟರು ಓಡಲೇಬೇಕು. ಇದು ಎರ್ರಮ್ಮನವರ ಹಟ. ಅದು ತಾವು ಕಟ್ಟಿದ ಬ್ಯಾಟರಿಯಿಂದಲೇ ಓಡಬೇಕು. ಇದು ಗಾದಿಲಿಂಗಪ್ಪನವರ ಹಟ.

"ನೀ ಏನೂ ಚಿಂತಿ ಮಾಡಬ್ಯಾಡ" ಎಂದರು ಅವರು ಎದ್ದು ನಿಂತು. "ಲಿಥಿಯಂ ಬ್ಯಾಟ್ರಿ ಮಾಡ್ತೀನಿ. ನಿನ್ನ ಸ್ಕೂಟರ್ ಕಡ್ಡಿರಾಂಪುರಕ್ಕೇನು, ಕಂಪ್ಲಿಗೆ ಹೋಗಿ ನಿಮ್ಮ ಅಕ್ಕನ್ನ ಮಾತಾಡ್ಸಿಕೊಂಡು ಬರ್ತೈತಿ."

"ಸಾಮಾನು ಎಲ್ಲಿಂದ ತರ್ತೀರಿ?"

ಗಾದಿಲಿಂಗಪ್ಪನವರು ಕೆಮ್ಮಿದರು. ಸಾಮಾನು ಹತ್ತು ದಿನದ ಹಿಂದೆಯೇ ಪಾರ್ಸೆಲ್ಲಿನಲ್ಲಿ ಬಂದು ಮಂಚದ ಕೆಳಗೆ ಅಜ್ಞಾತವಾಸ ಮಾಡುತ್ತಿತ್ತು.

ಪಾರ್ಸೆಲ್ಲನ್ನು ಬಿಚ್ಚಿದಾಗ ಎರ್ರಮ್ಮನವರಿಗೂ ಕುತೂಹಲವಾಯಿತು. ಬೆರಳಿನಷ್ಟು ಉದ್ದದ, ನೀಲಿ ಅಂಗಿ ತೊಟ್ಟ ಸೆಲ್ಲುಗಳು. ಟಾರ್ಚಿನ ಸೆಲ್ಲಿಗೆ ಖಾಸಾ ತಮ್ಮಂದಿರಂತೆ ಇದ್ದವು. ಅವುಗಳನ್ನು ನಿಲ್ಲಿಸಲು ತೂತು ತೂತಿನ ಕಪ್ಪು ಚೌಕಟ್ಟು, ಜೋಡಿಸಲು ನಿಕ್ಕಲ್ ಪಟ್ಟಿಯ ಸುರುಳಿ, ಮತ್ತು ಎರಡು ತಾಮ್ರದ ಮೊನೆಗಳುಳ್ಳ ಒಂದು ಚಿಕ್ಕ ಸ್ಪಾಟ್ ವೆಲ್ಡಿಂಗ್ ಯಂತ್ರ.

"ನೋಡು" ಎಂದು ಗಾದಿಲಿಂಗಪ್ಪನವರು ಮೇಷ್ಟರ ಠೀವಿಯಲ್ಲಿ ವಿವರಿಸಿದರು. "ಸೆಲ್ಲಿಗೆ ಒಂದು ತುದಿ ಪ್ಲಸ್, ಇನ್ನೊಂದು ಮೈನಸ್. ಒಂದು ಸಾಲಿನ ಪ್ಲಸ್ಸು ಮುಂದಿನ ಸಾಲಿನ ಮೈನಸ್ಸಿಗೆ ಕೂಡಬೇಕು. ಅದಕ್ಕ ಮೊದಲ್ನೇ ಸಾಲು ಪ್ಲಸ್ ಮ್ಯಾಲ ಮಾಡಿ ನಿಲ್ಲಸೋದು, ಎರಡ್ನೇ ಸಾಲು ತಲಿಕೆಳಗ. ಪರೀಕ್ಷಾದಾಗ ಒಂದು ಸಾಲು ಏಳ್ನೇ ಕ್ಲಾಸು, ಒಂದು ಸಾಲು ಎಂಟ್ನೇ ಕ್ಲಾಸು ಕುಂದ್ರಸ್ತಾರಲ್ಲ, ಹಂಗ. ಮ್ಯಾಲ ಈ ಪಟ್ಟಿ ಇಟ್ಟು, ಈ ಎರಡು ಮೊನಿ ಒತ್ತಿದ್ರ ಚಟ್ ಅಂತ ಅಂಟ್ಕೋತೈತಿ. ಮುಗೀತು."

"ಎಲ್ಡೂ ತುದಿ ನನಗ ಒಂದೇ ನಮೂನಿ ಕಾಣ್ತಾವಪ್ಪ."

"ನಿನಗ ಕಾಣ್ತಾವ. ಕಲ್ತವ್ರಿಗೆ ಗೊತ್ತಾಗ್ತೈತಿ. ಪ್ಲಸ್ಸಿನ ಕೊಳ್ಳಾಗ ಒಂದು ಸಣ್ಣ ಗೀರು ಇರ್ತೈತಿ."

"ಬೆಂಕಿ ಹತ್ತಂಗಿಲ್ಲ ಹೌದಿಲ್ಲೋ?"

"ತಪ್ಪು ಮಾಡಿದವ್ರಿಗೆ ಹತ್ತತೈತಿ" ಎಂದು ಗಾದಿಲಿಂಗಪ್ಪನವರು ಧೈರ್ಯ ಹೇಳಿದರು.

ಈ ಧೈರ್ಯದ ಫಲವಾಗಿ ಪ್ರಯೋಗಶಾಲೆ ಪಡಸಾಲೆಯಿಂದ ಹಿತ್ತಲಿನ ಬೇವಿನ ಮರದ ಕೆಳಗಿನ ಕಲ್ಲುಚಪ್ಪಡಿಗೆ ವರ್ಗವಾಯಿತು. ಅದರ ಎರಡೂ ಬದಿಗೆ ಎರ್ರಮ್ಮ ಒಂದೊಂದು ಮರಳಿನ ಬಕೆಟ್ಟು ಇಟ್ಟರು. ದೂರದಿಂದ ನೋಡಿದವರಿಗೆ ಅಲ್ಲಿ ಯಾವುದೋ ಹೋಮ ನಡೆಯಲಿದೆ ಎನ್ನಿಸುವಂತಿತ್ತು.

ಶುಕ್ರವಾರ ಕೈ ಪಳಗಿಸುವ ದಿನ. ವೆಲ್ಡಿಂಗ್ ಯಂತ್ರಕ್ಕೆ ಶಕ್ತಿ ಕೊಡಲು ಗಾಡಿಯ ಬ್ಯಾಟರಿ ಒಂದು ಬೇಕು. ಪಕ್ಕದ ಮನೆಯ ಓಬಳಪ್ಪನದು ಹೊಸ ಆಟೊ. ಅವನು ಮಧ್ಯಾಹ್ನ ಊಟ ಮಾಡಿ ಮಲಗಿದ್ದಾಗ ಆಟೊವನ್ನು ಹಿತ್ತಲ ಗೇಟಿನ ಹತ್ತಿರ ನಿಲ್ಲಿಸಿಕೊಂಡು, ವಯರು ಎಳೆದು, ಗಾದಿಲಿಂಗಪ್ಪನವರು ಅಭ್ಯಾಸಕ್ಕೆ ಕುಳಿತರು. ಕಿಡಿಯಿಂದ ಕಣ್ಣಿಗೆ ರಕ್ಷಣೆ ಬೇಕಲ್ಲ? ಹೋದ ವರ್ಷ ಕಣ್ಣಿನ ಪೊರೆ ತೆಗೆದಾಗ ಆಸ್ಪತ್ರೆಯವರು ಕೊಟ್ಟಿದ್ದ ಕಪ್ಪು ಕನ್ನಡಕವನ್ನು ಏರಿಸಿದರು. ಅದನ್ನು ಹಾಕಿಕೊಂಡರೆ ಕಿಡಿಯೂ ಕಾಣುತ್ತಿರಲಿಲ್ಲ, ಉಳಿದದ್ದೂ ಕಾಣುತ್ತಿರಲಿಲ್ಲ.

ಸೆಲ್ಲಿನ ಮೇಲೆ ನೇರವಾಗಿ ಪ್ರಯೋಗ ಮಾಡಬಾರದೆಂಬ ವಿವೇಕ ಅವರಿಗಿತ್ತು. ಕೈಗೆ ಸಿಕ್ಕಿದ ಒಂದು ಉಕ್ಕಿನ ಮುಚ್ಚಳದ ಮೇಲೆ ಪಟ್ಟಿಯ ತುಂಡೊಂದನ್ನಿಟ್ಟು ಒತ್ತಿದರು. ಚಟ್! ಅಂಟಿತು. ಇಕ್ಕಳದಿಂದ ಎಳೆದರೂ ಬರಲಿಲ್ಲ. ಮತ್ತೊಮ್ಮೆ ಚಟ್! ಗಾದಿಲಿಂಗಪ್ಪನವರಿಗೆ ಆನಂದಬಾಷ್ಪ ಬರುವುದೊಂದು ಬಾಕಿ.

"ಅಯ್ಯ, ನಮ್ಮವ್ವನ ಜೀರಿಗಿ ಡಬ್ಬಿ ಮುಚ್ಚಳ!" ಎಂಬ ಆರ್ತನಾದ ಹಿಂದಿನಿಂದ ಕೇಳಿಸಿತು.

"ಹಿಡಿಕಿ ಕೂಡಿಸೀನಿ ತೊಗೋ" ಎಂದರು ಗಾದಿಲಿಂಗಪ್ಪನವರು ಧೃತಿಗೆಡದೆ. "ಇನ್ಮ್ಯಾಲ ತಗಿಯಾಕ ಸಲೀಸು."

ಎರ್ರಮ್ಮ ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿದರು. ಬೈಯಬೇಕೆಂದು ಬಾಯಿ ತೆರೆದವರು ಹಿಡಿಕೆ ಹಿಡಿದು ಎತ್ತಿ ನೋಡಿ, ಬೈಯದೆ ಒಳಗೆ ಹೋದರು. ಈ ಕಥೆಯಲ್ಲಿ ಗಾದಿಲಿಂಗಪ್ಪನವರ ವೆಲ್ಡಿಂಗಿಗೆ ಸಿಕ್ಕ ಮೊದಲ ಪ್ರಶಸ್ತಿ ಇದು. ಮುಂದೆ ಬಹಳ ಹೊತ್ತು ಬೇರೆ ಪ್ರಶಸ್ತಿಗಳಿಲ್ಲ.

ಶನಿವಾರ ಸೆಲ್ಲುಗಳನ್ನು ಜೋಡಿಸುವ ಕಾರ್ಯ. ಪ್ಲಸ್ಸಿನ ಕೊರಳಿನ ಗೀರು ಕಲಿತವರಿಗೆ ಕಾಣುತ್ತದೆಂದು ಹೇಳಿದ್ದೇನೋ ನಿಜ. ಆದರೆ ಪೊರೆ ತೆಗೆಸಿದ ಕಣ್ಣಿಗೂ ತೆಗೆಸದ ಕಣ್ಣಿಗೂ ಹೊಂದಾಣಿಕೆಯಾಗದೆ, ಕಲಿತ ಗಾದಿಲಿಂಗಪ್ಪನವರಿಗೆ ಆ ಗೀರು ಒಮ್ಮೆ ಒಂದಾಗಿ, ಒಮ್ಮೆ ಎರಡಾಗಿ, ಒಮ್ಮೆ ಮಾಯವಾಗಿ ಕಾಣತೊಡಗಿತು. ಪ್ರತಿಯೊಂದನ್ನೂ ಬಿಸಿಲಿಗೆ ಹಿಡಿದು ಪರೀಕ್ಷಿಸಿ, ಪ್ಲಸ್ ತುದಿಗೆ ಕೆಂಪು ಗುರುತು ಹಾಕಿಬಿಟ್ಟರೆ ಆಮೇಲೆ ಕಷ್ಟವಿಲ್ಲವೆಂದು ನಿಶ್ಚಯಿಸಿದರು. ಮನೆಯಲ್ಲಿ ಕೆಂಪು ಪೆನ್ನಿರಲಿಲ್ಲ. ದೇವರ ಕೋಣೆಯಲ್ಲಿ ಕುಂಕುಮದ ಭರಣಿ ಇತ್ತು. ಒಂದು ಚಿಟಿಕೆ ಕುಂಕುಮಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ ಬೆರೆಸಿ, ಬೆಂಕಿಕಡ್ಡಿಯ ತುದಿಯಿಂದ ಒಂದೊಂದೇ ಸೆಲ್ಲಿನ ಪ್ಲಸ್ಸಿಗೆ ಬೊಟ್ಟಿಟ್ಟರು. ಬಳಿಕ ಚೌಕಟ್ಟಿನಲ್ಲಿ ನಿಲ್ಲಿಸಿದರು. ಮೊದಲ ಸಾಲು ಕೆಂಪು ಮೇಲೆ, ಎರಡನೆಯ ಸಾಲು ಕೆಂಪು ಕೆಳಗೆ, ಮೂರನೆಯದು ಮತ್ತೆ ಮೇಲೆ. ಹೀಗೆ ಕೊನೆಯವರೆಗೆ ಬಿಡದೆ ಜೋಡಿಸಿ, ಎದ್ದು ನಿಂತು, ತಲೆದೂಗಿ, ಊಟಕ್ಕೆ ಹೋದರು. ಊಟವಾದ ಮೇಲೆ ಕಣ್ಣು ಮುಚ್ಚಿದವು.

ಎದ್ದು ಬಂದು ನೋಡಿದರೆ ಆಶ್ಚರ್ಯ! ಚೌಕಟ್ಟಿನಲ್ಲಿದ್ದ ಸೆಲ್ಲುಗಳೆಲ್ಲವೂ ಕೆಂಪು ಬೊಟ್ಟು ಮೇಲೆ ಮಾಡಿಕೊಂಡು, ಕನ್ಯಾಪಾಠಶಾಲೆಯ ಪ್ರಾರ್ಥನೆಗೆ ನಿಂತ ಹುಡುಗಿಯರಂತೆ, ಸಾಲಾಗಿ ಇವರನ್ನೇ ನೋಡುತ್ತಿದ್ದವು.

ಗಾದಿಲಿಂಗಪ್ಪನವರು ತಲೆ ಕೆರೆದುಕೊಂಡರು. ತಾವು ಒಂದು ಸಾಲು ಬಿಟ್ಟು ಒಂದು ಸಾಲನ್ನು ತಿರುಗಿಸಿದ್ದು ನಿಜವೋ, ತಿರುಗಿಸಿದಂತೆ ಮಧ್ಯಾಹ್ನದ ನಿದ್ದೆಯಲ್ಲಿ ಕಂಡದ್ದೋ? ಅಂದಿನ ಊಟಕ್ಕೆ ಬದನೆಕಾಯಿ ಎಣಗಾಯಿ ಇತ್ತು. ಎಣಗಾಯಿ ಉಂಡು ಮಲಗಿದವರಿಗೆ ಏನು ಬೇಕಾದರೂ ಕಾಣಬಹುದು. "ವಯಸ್ಸಾತು" ಎಂದು ತಮ್ಮನ್ನು ತಾವೇ ಗದರಿಸಿಕೊಂಡು, ಮೊದಲ ಸಾಲನ್ನು ತೆಗೆದು ತಲೆಕೆಳಗು ಮಾಡಿದರು. ಮೇಲೆ ಬಂದ ತುದಿಗಳು ಬರಿದಾಗಿದ್ದವು. ಸರಿ. ಎರಡನೆಯ ಸಾಲನ್ನು ಇದ್ದಂತೆಯೇ ಬಿಟ್ಟು, ಮೂರನೆಯದನ್ನು ತಿರುಗಿಸಿದರು. ಹೀಗೆ ಕೊನೆಯವರೆಗೆ ಮಾಡಿ, ಒಂದು ಸಾಲು ಬರಿದು ಒಂದು ಸಾಲು ಕೆಂಪಾದದ್ದನ್ನು ನೋಡಿ ಸಮಾಧಾನ ಪಟ್ಟರು. ಒಂದು ಸೆಲ್ಲಿನ ಕೊರಳನ್ನಾದರೂ ಮತ್ತೊಮ್ಮೆ ಬಿಸಿಲಿಗೆ ಹಿಡಿದು ನೋಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಬಿಸಿಲು ಇಳಿದಿತ್ತು, ಮತ್ತು ಗುರುತು ಇರುವಾಗ ಕೊರಳು ನೋಡುವುದೇಕೆ?

ಭಾನುವಾರ ಓಬಳಪ್ಪನಿಗೆ ರಜೆ. ಅವನು ಆಟೊದ ಬ್ಯಾಟರಿಯನ್ನು ಬಿಚ್ಚಿ ತಂದು ಕಲ್ಲುಚಪ್ಪಡಿಯ ಪಕ್ಕದಲ್ಲಿಟ್ಟು, ಪ್ರೇಕ್ಷಕನಾಗಿ ಕುಕ್ಕರಗಾಲಿನಲ್ಲಿ ಕುಳಿತ.

"ಅಣ್ಣಾರ, ನಾಳಿ ಮುಂಜಾನಿ ನನಗ ಗಾಡಿ ಬೇಕ್ರಿ ಮತ್ತ."

"ಇದು ಕಿಡಿಯಷ್ಟು ಕರೆಂಟು ಕುಡೀತೈತಿ, ಅಷ್ಟ. ಸಮುದ್ರದಾಗ ಒಂದು ಚಮಚ."

ಚಟ್, ಚಟ್, ಚಟ್! ಬೆಳಗಿನಿಂದ ಸಂಜೆಯವರೆಗೆ ಬೇವಿನ ಮರದ ಕೆಳಗೆ ಅದೇ ನಾದ. ಮರದ ಮೇಲಿನ ಕಾಗೆಗಳು ಸಹ ಬೇರೆ ಮರ ನೋಡಿಕೊಂಡವು. ಕಪ್ಪು ಕನ್ನಡಕ ತೊಟ್ಟು, ತಲೆಗೆ ಟವೆಲು ಸುತ್ತಿ, ತಾಮ್ರದ ಮೊನೆಗಳನ್ನು ಹಿಡಿದು ಕುಳಿತ ಗಾದಿಲಿಂಗಪ್ಪನವರನ್ನು ಓಣಿಯ ಜನ ಕಾಂಪೌಂಡಿನ ಮೇಲಿಂದ ಇಣುಕಿ ನೋಡಿ ಹೋದರು. ಎರ್ರಮ್ಮ ಆಗಾಗ ಬಂದು ಮರಳಿನ ಬಕೆಟ್ಟನ್ನು ಒಂದು ಗೇಣು ಹತ್ತಿರಕ್ಕೆ ಸರಿಸಿ ಹೋಗುತ್ತಿದ್ದರು.

ಸಂಜೆ ಕೊನೆಯ ಚಟ್ ಆಯಿತು. ಗಾದಿಲಿಂಗಪ್ಪನವರು ಕನ್ನಡಕ ತೆಗೆದು, ಕೈ ಮುಗಿದು, ಅಳತೆಯ ಮೀಟರನ್ನು ಹೊರಗೆ ತೆಗೆದರು. ಒಂದು ವಯರನ್ನು ಈ ತುದಿಗೆ, ಇನ್ನೊಂದನ್ನು ಆ ತುದಿಗೆ ಮುಟ್ಟಿಸಿದರು.

ಸೊನ್ನೆ.

ವಯರುಗಳನ್ನು ಅದಲು ಬದಲು ಮಾಡಿದರು. ಸೊನ್ನೆ. ಮೀಟರನ್ನು ತಟ್ಟಿದರು, ಕುಲುಕಿದರು, ಮೇಲಿಂದ ಊದಿದರು. ಮೀಟರೇ ಕೆಟ್ಟಿದೆಯೋ ಎಂದು ಓಬಳಪ್ಪನ ಬ್ಯಾಟರಿಗೆ ಮುಟ್ಟಿಸಿ ನೋಡಿದರು. ಅಲ್ಲಿ ಏನೋ ಒಂದಿಷ್ಟು ತೋರಿಸಿತು. ಮತ್ತೆ ಇಲ್ಲಿಗೆ ತಂದರು. ಸೊನ್ನೆ. ಸೆಲ್ಲುಗಳಲ್ಲಿ ಶಕ್ತಿಯಿದೆ, ಪಟ್ಟಿಗಳು ಗಟ್ಟಿಯಾಗಿ ಅಂಟಿವೆ, ಕಿಡಿಯಿಲ್ಲ, ಹೊಗೆಯಿಲ್ಲ, ದೋಷವೇನೂ ಕಾಣುವುದಿಲ್ಲ. ಆದರೆ ಎಲ್ಲ ಕೂಡಿ ಫಲಿತಾಂಶ ಮಾತ್ರ ಶುದ್ಧ ಶೂನ್ಯ. ಬಯಲಲ್ಲಿ ಬಯಲಾಗುವುದೆಂದರೆ ಇದೇ ಇರಬೇಕು.

"ಏನಂತೈತ್ರಿ ಮೀಟ್ರು?" ಎಂದರು ಎರ್ರಮ್ಮ.

"ಸೊನ್ನಿ."

"ಅಲ್ರೀ, ಬೀಗ ಹಾಕಿದ ಮನಿ ಮೀಟ್ರಿಗೂ ಕಿಡಿಕ್ಯಾಗ ಇಣುಕಿ ನೋಡಿ ಏನಾರ ಒಂದು ಬರಕೊಂಡು ಬರ್ತಿದ್ರಿ. ಯಾರ ಮನೀಗೂ ಸೊನ್ನಿ ಬರಿಲಿಲ್ಲ. ನಮ್ಮನೀಗೆ ಸೊನ್ನೀನ?"

ಓಬಳಪ್ಪ ನಗು ಬಂದದ್ದನ್ನು ಕೆಮ್ಮಿಗೆ ತಿರುಗಿಸಿದ. ಗಾದಿಲಿಂಗಪ್ಪನವರು ತಲೆಯ ಟವೆಲು ಬಿಚ್ಚಿ ಒಳಗೆ ಹೋದರು. ಆ ದುಃಖದಲ್ಲಿ ಅವರು ಮರೆತ ಸಂಗತಿ ಒಂದಿತ್ತು: ಸಮುದ್ರದಿಂದ ಚಮಚವನ್ನು ಹೊರಗೆ ತೆಗೆದಿರಲಿಲ್ಲ. ವೆಲ್ಡಿಂಗ್ ಯಂತ್ರದ ವಯರುಗಳು ಇಡೀ ರಾತ್ರಿ ಆಟೊದ ಬ್ಯಾಟರಿಯನ್ನು ಕಚ್ಚಿಕೊಂಡೇ ಇದ್ದವು.

ಸೋಮವಾರ ಬೆಳಿಗ್ಗೆ ಎರ್ರಮ್ಮ ಕೋಳಿ ಕೂಗುವ ಮೊದಲೇ ಎದ್ದು ಹಿಟ್ಟು ನಾದಿ ರೊಟ್ಟಿಗೆ ಕುಳಿತರು. ತಟತಟ ಸದ್ದು ಕೇಳುತ್ತ ಹಾಸಿಗೆಯಲ್ಲಿ ಮಲಗಿದ್ದ ಗಾದಿಲಿಂಗಪ್ಪನವರಿಗೆ ಒಂದೊಂದು ಪೆಟ್ಟೂ ತಮ್ಮ ಬೆನ್ನಿಗೇ ಬಿದ್ದಂತಾಯಿತು. ರೊಟ್ಟಿಗಳನ್ನು ಹಳೆಯ ನೂಲಿನ ಸೀರೆಯಲ್ಲಿ ಸುತ್ತಿ ಬಿದಿರಿನ ಬುಟ್ಟಿಯಲ್ಲಿ ತುಂಬಿದ್ದಾಯಿತು. ಸ್ಕೂಟರಿಲ್ಲದಿದ್ದರೇನು, ಓಬಳಪ್ಪನ ಆಟೊ ಇದೆಯಲ್ಲ ಎಂಬುದು ಎಲ್ಲರ ಧೈರ್ಯ.

ಓಬಳಪ್ಪ ಬ್ಯಾಟರಿಯನ್ನು ಕೂಡಿಸಿ ಕೀಲಿ ತಿರುಗಿಸಿದ. ಆಟೊ "ಟಿಕ್" ಎಂದಿತು. ಇನ್ನೊಮ್ಮೆ ತಿರುಗಿಸಿದ. ಟಿಕ್ ಎನ್ನುವ ಸೌಜನ್ಯವನ್ನೂ ಬಿಟ್ಟಿತು. ಗಾದಿಲಿಂಗಪ್ಪನವರು ಪಂಚೆ ಮೇಲೆತ್ತಿ ಕಟ್ಟಿ ಪಾನ್ ಅಂಗಡಿಯವರೆಗೆ ತಳ್ಳಿದರು.

"ತಳ್ಳಬ್ಯಾಡ್ರಿ ಅಣ್ಣಾರ! ಇದು ಹೊಸ ನಮೂನಿ ಗಾಡಿ, ಬ್ಯಾಟ್ರ್ಯಾಗ ಜೀವ ಇಲ್ಲಂದ್ರ ಎಣ್ಣಿ ಸೈತ ಎಳಿಯಂಗಿಲ್ಲ" ಎಂದು ಓಬಳಪ್ಪ ಒಳಗಿನಿಂದ ಕೂಗಿದ. ಆಮೇಲೆ ಕೆಳಗಿಳಿದು, ಎರಡೂ ಕೈ ಸೊಂಟದ ಮೇಲಿಟ್ಟು, ಬಹಳ ಮೆಲ್ಲಗೆ ಕೇಳಿದ: "ಒಂದು ಚಮಚ ಅಂದಿದ್ರಿ."

ಓಣಿಯ ಉಳಿದ ಆಟೊಗಳೆಲ್ಲ ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೋಗಿದ್ದವು. ಬಸ್ ಸ್ಟ್ಯಾಂಡಿಗೆ ನಡೆದು, ಹಂಪಿ ಬಸ್ಸಿಗೆ ಕಾಯುವಷ್ಟರಲ್ಲಿ ರೊಟ್ಟಿ ಆರಿ ಚರ್ಮವಾಗುತ್ತದೆ. ಎರ್ರಮ್ಮ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಕುಳಿತುಬಿಟ್ಟರು. ಬೈಯಲಿಲ್ಲ. ಅವರು ಬೈಯದೆ ಕುಳಿತದ್ದನ್ನು ಗಾದಿಲಿಂಗಪ್ಪನವರು ಮದುವೆಯಾದಾಗಿನಿಂದ ನೋಡಿರಲಿಲ್ಲ.

"ನೀ ಕುಂದ್ರು" ಎಂದರು. "ನಾ ಮುಟ್ಟಸ್ತೀನಿ."

ಹಿತ್ತಲಿನಲ್ಲಿ ಅವರ ನೌಕರಿಯ ಕಾಲದ ಸೈಕಲ್ಲು ಗೋಡೆಗೊರಗಿ ನಿವೃತ್ತಿ ಜೀವನ ನಡೆಸುತ್ತಿತ್ತು. ಗಾಳಿ ಹೊಡೆದು, ಕ್ಯಾರಿಯರಿಗೆ ಬುಟ್ಟಿ ಬಿಗಿದು, ಗಾದಿಲಿಂಗಪ್ಪನವರು ಹೊರಟೇಬಿಟ್ಟರು.

ಆ ಪ್ರಯಾಣವನ್ನು ವರ್ಣಿಸಲು ಹೊರಟರೆ ಒಂದು ಪರ್ವವೇ ಆದೀತು. ಮೊದಲು ಮೊಣಕಾಲು ಮಾತಾಡಿತು, ಆಮೇಲೆ ಸೈಕಲ್ಲಿನ ಸರಪಳಿ ಮಾತಾಡಿತು, ಊರು ದಾಟುವ ಹೊತ್ತಿಗೆ ಇಬ್ಬರೂ ಕೂಡಿ ಮಾತಾಡತೊಡಗಿದರು. ಅನಂತಶಯನಗುಡಿಯಲ್ಲಿ ಬಾಗಿಲಿಗೆ ನೀರು ಹಾಕುತ್ತಿದ್ದ ಹೆಂಗಸೊಬ್ಬಳು ಇವರ ಸೈಕಲ್ಲನ್ನು ನೋಡಿದವಳೇ, "ಏ, ಮೀಟ್ರಿನವ್ರು ಬಂದ್ರು, ಹೀಟ್ರು ಆರಸ್ರೋ!" ಎಂದು ಒಳಗೆ ಓಡಿದಳು. ಮುಂದೆ ಒಬ್ಬ ಯಜಮಾನರು ಅಡ್ಡ ನಿಂತು, "ಸಾಹೇಬ್ರ, ಈ ತಿಂಗಳ ಬಿಲ್ಲು ಭಾಳ ಬಂದೈತ್ರಿ" ಎಂದು ಅಹವಾಲು ಹೇಳಿದರು. "ನಾ ರಿಟೈರ್ಡ್ ಆಗೀನ್ರಿ" ಎಂದು ಏದುಸಿರಿನಲ್ಲಿ ಹೇಳಿ, ನಿಲ್ಲದೆ ತುಳಿದರು. ನಿಂತರೆ ಮತ್ತೆ ಹತ್ತಲಾರೆನೆಂಬುದು ಅವರಿಗೆ ಗೊತ್ತಿತ್ತು. ಕಾಲುವೆ ಬಂತು, ಬಾಳೆತೋಟ ಬಂತು, ಕೊನೆಗೆ ಕಡ್ಡಿರಾಂಪುರವೂ ಬಂತು.

ಅಂದಾನಪ್ಪನವರು ಹೋಟೆಲಿನ ಬಾಗಿಲಿನಲ್ಲಿ ಗಡಿಯಾರ ನೋಡುತ್ತ ನಿಂತಿದ್ದರು.

"ಏನ್ರೀ ಇದು! ಮಂದಿ ಎಲಿ ಮುಂದ ಕುಂತಾರ. ಮೊದಲ್ನೇ ದಿನಾನೇ ಹಿಂಗಾದ್ರ..." ಎಂದು ಅವರು ಆರಂಭಿಸಿದ್ದರು. ಅಷ್ಟರಲ್ಲಿ ಒಳಗಿನಿಂದ ಬಿಳಿಗೂದಲಿನ ಪರದೇಶದ ದಂಪತಿಗಳು ಹೊರಗೆ ಬಂದರು. ಅವರ ಹಿಂದೆ ಮೈಸೂರಿನ ಕಡೆಯ ಹೆಣ್ಣುಮಗಳೊಬ್ಬಳು. ಸೈಕಲ್ಲು, ಅದರ ಮೇಲೆ ಬಿದಿರು ಬುಟ್ಟಿ, ಬುಟ್ಟಿಯ ಮೇಲೆ ಸೀರೆ, ಪಕ್ಕದಲ್ಲಿ ವಿಭೂತಿ ಬೆವರಿನಲ್ಲಿ ಕರಗಿ ಹರಿಯುತ್ತಿರುವ ಒಬ್ಬ ಮೀಸೆಯ ಹಿರಿಯರು. ಮೂವರೂ ಫೋನು ತೆಗೆದು ಚಿತ್ರ ಹಿಡಿದದ್ದೇ ಹಿಡಿದದ್ದು. ಸೀರೆ ಬಿಚ್ಚಿದರೆ ರೊಟ್ಟಿ ಇನ್ನೂ ಬೆಚ್ಚಗಿತ್ತು. ಅದರ ಘಮ ಅಂದಾನಪ್ಪನವರ ಸಿಟ್ಟನ್ನು ಅರ್ಧ ತಿಂದುಹಾಕಿತು.

"ದಿನಾನೂ ಹೀಗೇ ಸೈಕಲ್ಲಿನಲ್ಲೇ ತರ್ತೀರಾ?" ಎಂದು ಮೈಸೂರಿನವಳು ಕಣ್ಣರಳಿಸಿ ಕೇಳಿದಳು.

ಇಲ್ಲಿ ಗಾದಿಲಿಂಗಪ್ಪನವರು ಸುಮ್ಮನೆ ನೀರು ಕೇಳಬಹುದಿತ್ತು. ಆದರೆ ಮೂರು ದಿನದಿಂದ ಅವರನ್ನು ಯಾರೂ ಹೊಗಳಿರಲಿಲ್ಲ. (ಜೀರಿಗೆ ಡಬ್ಬಿಯ ಪ್ರಶಸ್ತಿ ಮೌನ ಪ್ರಶಸ್ತಿ.) ಜೊತೆಗೆ ಆರ್ಡರು ಉಳಿಸಬೇಕಾಗಿತ್ತು. ಎದೆ ಸೆಟೆಸಿ ನಿಂತರು.

"ದಿನಾ ಸೈಕಲ್ಲೇರೀ ತಾಯಿ. ಇದು ನಮ್ಮ ಮನಿ ಪದ್ಧತಿ. ಪೆಟ್ರೋಲಿನ ವಾಸನಿ ರೊಟ್ಟಿಗೆ ತಾಕಬಾರ್ದು. ಕರೆಂಟು, ಬ್ಯಾಟ್ರಿ, ಅವನ್ನೆಲ್ಲ ನಾವು ನಂಬಂಗಿಲ್ಲ."

ಕೊನೆಯ ಮಾತನ್ನು ಆ ದಿನದ ಮಟ್ಟಿಗೆ ಅವರು ಮನಸಾರೆ ಹೇಳಿದ್ದರು. ಹೆಣ್ಣುಮಗಳು ಅದನ್ನು ಇಂಗ್ಲಿಷಿನಲ್ಲಿ ಪರದೇಶದವರಿಗೆ ಹೇಳಿದಳು. ಅವರು ಗಾದಿಲಿಂಗಪ್ಪನವರ ಕೈ ಹಿಡಿದು ಕುಲುಕಿದರು. ಅಂದಾನಪ್ಪನವರು ಒಮ್ಮೆ ಇವರನ್ನು, ಒಮ್ಮೆ ಗಿರಾಕಿಗಳನ್ನು, ಒಮ್ಮೆ ಸೈಕಲ್ಲನ್ನು ನೋಡಿ, ತಾವೇ ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟರು. ಆರ್ಡರು ಉಳಿಯಿತು.

ಸಂಜೆ ಮನೆಯಲ್ಲಿ ಗಾದಿಲಿಂಗಪ್ಪನವರು ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಕುಳಿತಿದ್ದರು. ಎರ್ರಮ್ಮನವರಿಗೆ ಗಂಡನ ಮೇಲೆ ಅಪರೂಪದ ಕರುಣೆ ಉಕ್ಕಿತ್ತು. ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಹೇಳಿದರು:

"ನೀವು ಏನ್ ಕಮ್ಮಿ ಕಷ್ಟ ಪಟ್ರೇನ್ರೀ. ನಾನೂ ಭಕ್ತಿಲೇ ಅವಕ್ಕ ಕುಂಕುಮ ಹಚ್ಚಿದ್ದೆ. ಆದ್ರೂ ಕೈ ಕೊಟ್ವು ನೋಡ್ರಿ."

ಬೋಗುಣಿಯ ನೀರು ಅಲುಗಾಡುವುದು ನಿಂತಿತು.

"ಯಾವಕ್ಕ?"

"ಆ ಸೆಲ್ಲಿಗೆ. ಶನಿವಾರ ನೀವು ಮಲಗಿದ್ರಲ್ಲ, ಹಿತ್ತಲಕ್ಕ ಹೋದೆ. ನೋಡ್ತೀನಿ, ಒಂದು ಸಾಲಿಗೆ ಕುಂಕುಮ ಹಚ್ಚೀರಿ, ಒಂದು ಸಾಲು ಹಂಗ ಬಿಟ್ಟೀರಿ. ನಾಕು ಮಂದಿ ಮುತ್ತೈದೇರು ಸಾಲಾಗಿ ಕುಂತಾಗ ಒಬ್ಬಾಕಿಗೆ ಹಚ್ಚಿ ಒಬ್ಬಾಕಿನ್ನ ಬಿಟ್ರ ಸರಿ ಕಾಣ್ತೈತೇನು? ಗಂಡಸರ ಪೂಜಿ ಹಿಂಗ, ಅರ್ಧಮರ್ಧ ಅಂತ ಬೈಕೋಂತ ಉಳಿದವಕ್ಕೆಲ್ಲ ನಾನ ಹಚ್ಚಿ ಬಂದೆ."

ಗಾದಿಲಿಂಗಪ್ಪನವರು ಬೋಗುಣಿಯಿಂದ ಎದ್ದು ನಿಂತರು. ಅವರ ಕಣ್ಣ ಮುಂದೆ ಎಲ್ಲವೂ ಬೆಳಗಾಯಿತು. ತಾವು ತಲೆಕೆಳಗಾಗಿಯೇ ನಿಲ್ಲಿಸಿದ್ದ ಸಾಲುಗಳ ಮೈನಸ್ಸಿಗೆ ಈಕೆ ಬೊಟ್ಟಿಟ್ಟಳು. ಎಲ್ಲವೂ ಕೆಂಪಾದದ್ದನ್ನು ಕಂಡು ತಾವು ನೆಟ್ಟಗಿದ್ದ ಸಾಲುಗಳನ್ನೂ ತಲೆಕೆಳಗು ಮಾಡಿದರು. ಒಟ್ಟಿನಲ್ಲಿ ಇಡೀ ಸೈನ್ಯ ಶೀರ್ಷಾಸನ ಹಾಕಿತು. ಒಂದು ಸಾಲು ಕೊಟ್ಟ ಶಕ್ತಿಯನ್ನು ಮುಂದಿನ ಸಾಲು ಎದುರು ನಿಂತು ಕಳೆಯಿತು. ಕೂಡಿ ಕಳೆದು ಉಳಿದದ್ದು ಸೊನ್ನೆ.

"ಲೇ! ಅದು ಪೂಜಿ ಅಲ್ಲ, ಗುರುತು! ಪ್ಲಸ್ಸಿನ ಗುರುತು! ಎಲ್ಲಾ ಕೆಂಪು ಕಂಡು ನಾ ಸಾಲು ತಿರುಗಿಸಿಬಿಟ್ಟೆ! ನಿನ್ನ ಕುಂಕುಮದಿಂದ ನನ್ನ ಮಾನ ಹೋತು!"

ಎರ್ರಮ್ಮ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟರು. ಕರುಣೆಯ ಗಡುವು ಮುಗಿದಿತ್ತು.

"ಕುಂಕುಮಕ್ಕ ಯಾಕ ಅಂತೀರಿ? ಪ್ಲಸ್ಸಿನ ಕೊಳ್ಳಾಗ ಗೀರು ಇರ್ತೈತಿ, ಕಲ್ತವ್ರಿಗೆ ಕಾಣ್ತೈತಿ ಅಂದವ್ರು ಯಾರು? ತಿರುಗಿಸೋ ಮುಂದ ಒಂದು ಸಲ ನೋಡಿದ್ರೇನು?"

ಗಾದಿಲಿಂಗಪ್ಪನವರು ಬೋಗುಣಿಯ ನೀರನ್ನು ನೋಡಿದರು.

"ನೋಡಿಲ್ಲ. ಬೀಗ ಹಾಕಿದ ಮನಿ ಮೀಟ್ರು ಓದಿದಂಗ ಓದೀರಿ."

ಗಾದಿಲಿಂಗಪ್ಪನವರು ಮತ್ತೆ ಬೋಗುಣಿಯಲ್ಲಿ ಕಾಲಿಟ್ಟು ಕುಳಿತುಕೊಂಡರು.

ಆದರೆ ಕಾಯಿಲೆ ಗೊತ್ತಾದ ಮೇಲೆ ಮದ್ದಿಗೇನು ಕೊರತೆ? ಓಬಳಪ್ಪ ಬ್ಯಾಟರಿಗೆ ಚಾರ್ಜು ಮಾಡಿಸಿಕೊಂಡು ತಂದ. "ಕೊಡ್ತೀನಿ, ಆದ್ರ ಅಕ್ಕನ ಕೈಯಾಗ ಕೊಡ್ತೀನಿ. ಅಕ್ಕನ ಕೈಯಿಂದನ ವಾಪಸ್ ತೊಗೋತೀನಿ" ಎಂಬುದು ಅವನ ಕರಾರು. ಗಾದಿಲಿಂಗಪ್ಪನವರು ಪಟ್ಟಿಗಳನ್ನು ಜೋಪಾನವಾಗಿ ಕಿತ್ತು, ಒಂದು ಸಾಲು ಬಿಟ್ಟು ಒಂದು ಸಾಲನ್ನು ತಿರುಗಿಸಿ, ಈ ಬಾರಿ ಪ್ರತಿ ಸೆಲ್ಲಿನ ಕೊರಳನ್ನು ಬಿಸಿಲಿನಲ್ಲಿ ಎರಡೆರಡು ಸಲ ನೋಡಿ, ನೋಡಿದ್ದನ್ನು ಎರ್ರಮ್ಮನವರಿಗೂ ತೋರಿಸಿ, ಮತ್ತೆ ಚಟ್ ಚಟ್ ಎನ್ನಿಸಿದರು. ಬುಧವಾರ ಸಂಜೆ ಮೀಟರಿನ ಮುಳ್ಳು ಜಿಗಿಯಿತು. ಜೊತೆಗೆ ಗಾದಿಲಿಂಗಪ್ಪನವರೂ ಜಿಗಿದರು. ಸೈಕಲ್ಲು ತುಳಿದ ಮೊಣಕಾಲು ಅದನ್ನು ವಿರೋಧಿಸಿತು. ಸೆಲ್ಲುಗಳಿಗೆ ಚಾರ್ಜು ಅತಿಯಾಗದಂತೆ ಕಾಯುವ ಬೋರ್ಡೊಂದನ್ನು ಕೂಡಿಸಿ, ಪೆಟ್ಟಿಗೆಯಲ್ಲಿಟ್ಟು, ಸ್ಕೂಟರಿಗೆ ಜೋಡಿಸಿದರು. ಎರ್ರಮ್ಮ ಹತ್ತಿ ಕುಳಿತು ಪಾನ್ ಅಂಗಡಿ ದಾಟಿದರು, ಸಂತೆ ದಾಟಿದರು, ಟಿ.ಬಿ. ಡ್ಯಾಮಿನವರೆಗೆ ಹೋಗಿ, ತಿರುಗಿ ಬಂದು, ಅಂಗಳದಲ್ಲಿ ನಿಲ್ಲಿಸಿ, ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಮಸ್ತ್ ಐತ್ರಿ" ಎಂದರು.

ಗಾದಿಲಿಂಗಪ್ಪನವರ ಜನ್ಮ ಸಾರ್ಥಕವಾಯಿತು. ನಾಳೆಯಿಂದ ರೊಟ್ಟಿಯ ಬುಟ್ಟಿ ಸ್ಕೂಟರಿನ ಮೇಲೆ. ತಾವು ಕಟ್ಟೆಯ ಮೇಲೆ. ಮೂರು ದಿನ ತುಳಿದದ್ದು ಸಾಕು. ಸೈಕಲ್ಲನ್ನು ಗೋಡೆಗೊರಗಿಸಿ, ಅದರ ಸೀಟನ್ನು ಪ್ರೀತಿಯಿಂದ ತಟ್ಟಿದರು.

ಆಗ ಫೋನು ಬಂದಿತು. ಅಂದಾನಪ್ಪನವರದು. ಎರ್ರಮ್ಮ ಸಂತೋಷದಿಂದ, "ನಾಳಿಂದ ಇನ್ನೂ ಜಲ್ದಿ ತರ್ತೀನ್ರೀ ಅಂದಾನಪ್ಪಣ್ಣ, ನಮ್ಮ ಯಜಮಾನ್ರು ಸ್ಕೂಟರಿಗೆ ಬ್ಯಾಟ್ರಿ ಕಟ್ಯಾರ" ಎಂದರು.

"ಅಯ್ಯೋ ಬ್ಯಾಡ ತಾಯಿ!" ಎಂಬ ಅಂದಾನಪ್ಪನವರ ಧ್ವನಿ ಹಿತ್ತಲಿನವರೆಗೆ ಕೇಳಿಸಿತು. "ಸ್ಕೂಟರ್ ಗೀಟರ್ ಬ್ಯಾಡ! ಯಜಮಾನ್ರೇ ಹೇಳ್ಯಾರಲ್ಲ, ಬ್ಯಾಟ್ರಿ ನಂಬಂಗಿಲ್ಲ, ದಿನಾ ಸೈಕಲ್ಲು, ಅದು ಮನಿ ಪದ್ಧತಿ ಅಂತ. ಗಿರಾಕಿಗಳು ಫೋಟೊ ನೋಡ್ಕೊಂಡು ಹುಡುಕ್ಕೊಂಡು ಬರಾಕತ್ಯಾರ. 'ಸೈಕಲ್ ರೊಟ್ಟಿ' ಅಂತ ದೊಡ್ಡದೊಂದು ಬೋರ್ಡು ಬರಿಸಿಬಿಟ್ಟೀನಿ. ಆ ಮೀಸಿ ಯಜಮಾನ್ರೇ ಬರಬೇಕು. ರೊಟ್ಟಿ ಇನ್ನಷ್ಟು ಜಾಸ್ತಿ ಕಳಸ್ರಿ!"

ಎರ್ರಮ್ಮ ಫೋನನ್ನು ಕಿವಿಯಿಂದ ಇಳಿಸಿ, ನಿಧಾನವಾಗಿ ಗಂಡನ ಕಡೆ ತಿರುಗಿದರು.

"ಮನಿ ಪದ್ಧತಿ ಅಂದ್ರೇನ್ರೀ?"

ಗಾದಿಲಿಂಗಪ್ಪನವರು ಸೈಕಲ್ಲಿನ ಟಯರು ಒತ್ತಿ ನೋಡುವುದರಲ್ಲಿ ಮಗ್ನರಾಗಿದ್ದರು.

ಈಗ ಹೊಸಪೇಟೆಯಿಂದ ಹಂಪಿಗೆ ಹೋಗುವವರು ಬೆಳಗಿನ ಹೊತ್ತು ಅನಂತಶಯನಗುಡಿಯ ಆಚೆ, ಬುಟ್ಟಿ ಕಟ್ಟಿದ ಸೈಕಲ್ಲನ್ನು ತುಳಿಯುತ್ತಿರುವ ಹಿರಿಯರೊಬ್ಬರನ್ನು ಕಾಣಬಹುದು. ಎರ್ರಮ್ಮನವರ ತಂಗಿಯನ್ನು ಕಮಲಾಪುರಕ್ಕೆ ಕೊಟ್ಟಿದೆ. ಸ್ಕೂಟರಿಗೆ ಕಸುವು ಬಂದಾಗಿನಿಂದ ಅಕ್ಕನಿಗೆ ತಂಗಿಯ ನೆನಪು ಪದೇ ಪದೇ ಆಗುತ್ತದೆ. ಹಸಿರು ಸ್ಕೂಟರು ಸದ್ದಿಲ್ಲದೆ ಹಿಂದಿನಿಂದ ಬಂದು, ಒಂದು ಕ್ಷಣ ಸೈಕಲ್ಲಿನ ಸರಿಸಮಕ್ಕೆ ಓಡುತ್ತದೆ.

"ಏನ್ರೀ, ನಿಮ್ಮ ಬ್ಯಾಟ್ರಿ ಭಾಳ ಚಲೋ ಐತ್ರಿ!" ಎಂದು ಕೂಗಿ, ಪೀಂ ಎನ್ನಿಸಿ, ಎರ್ರಮ್ಮ ಮುಂದೆ ಹೋಗಿಬಿಡುತ್ತಾರೆ.

ಗಾದಿಲಿಂಗಪ್ಪನವರಿಗೆ ಉತ್ತರ ಕೊಡಲು ಉಸಿರಿರುವುದಿಲ್ಲ. ತಲೆ ತಗ್ಗಿಸಿ ತುಳಿಯುತ್ತಾರೆ. ತಗ್ಗಿಸಿದ ಕಣ್ಣಿಗೆ ಸೈಕಲ್ಲಿನ ಹ್ಯಾಂಡಲ್ಲು ಕಾಣುತ್ತದೆ. ದಿನವೂ ಹೊರಡುವ ಮೊದಲು ಎರ್ರಮ್ಮ ಭಕ್ತಿಯಿಂದ ಹಚ್ಚಿ ಕಳಿಸಿದ ಕುಂಕುಮ, ಅದರ ಎರಡೂ ತುದಿಗೆ.